ಎಂಜಿಬಿ ಟನೆಲ್ ಮೇಲೊಂದು ಪೆಟ್ಟಿಗೆ: ಒಂದೂ ತೂತು ಕೊರೆಯದೆ

ಬ್ರಿಟನ್ನಿನ ಎರಡು ಸೀಟಿನ ಹಳೆಯ ತೆರೆದ ಕಾರು ಎಂಜಿಬಿ ರೋಡ್‌ಸ್ಟರ್‌ನಲ್ಲಿ ಲೋಟ ಇಡಲು ಜಾಗವಿಲ್ಲ, ಮೊಣಕೈ ಊರಲು ಜಾಗವಿಲ್ಲ, ಫೋನ್ ಚಾರ್ಜ್ ಮಾಡುವ ಮಾತಂತೂ ದೂರ. ಮೂರಕ್ಕೂ ಸೇರಿಸಿ ಎರಡು ಸೀಟುಗಳ ನಡುವೆ ನೆಲದ ತಗಡು ಉದ್ದಕ್ಕೆ ಉಬ್ಬಿರುವ ಟನೆಲ್ ಮೇಲೆ ಕೂರುವ ಪೆಟ್ಟಿಗೆಯೊಂದನ್ನು ಮಾಡಿಕೊಂಡೆ. ಟನೆಲ್‌ಗೆ ಸ್ಕ್ರೂ ಹೊಡೆಯಬಾರದು ಎಂಬುದು ನಾನೇ ಹಾಕಿಕೊಂಡ ಷರತ್ತು. ಆ ತಗಡಿನ ಕೆಳಗೇ ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ತಿರುಗುತ್ತಿರುತ್ತದೆ. ಅಲ್ಲದೆ ಕೊರೆದ ತೂತಿನಿಂದಲೇ ತುಕ್ಕು ಶುರುವಾಗುತ್ತದೆ. ಆದ್ದರಿಂದ ಕುದುರೆಗೆ ಜೀನು ಹಾಕಿದ ಹಾಗೆ ಪೆಟ್ಟಿಗೆ ಟನೆಲ್ ಅನ್ನು ತಬ್ಬಿ ಕೂರಬೇಕು.

ನನ್ನ ಕಾರು 1969ರದು. ಇಸವಿ ಮುಖ್ಯ. 1967ರ ಕೊನೆಗೆ ಬಂದ ಮಾರ್ಕ್ 2ರಲ್ಲಿ (ಎಂಜಿಬಿಯ ಎರಡನೇ ಆವೃತ್ತಿ) ಗೇರ್‌ಬಾಕ್ಸ್ ಬದಲಾಗಿ ಟನೆಲ್ ಅಗಲವಾಯಿತು. ಹಾಗಾಗಿ ಬೇರೆಯವರ ಅಳತೆ ನಿಮಗೆ ಕೂರುತ್ತದೆ ಎಂಬ ಭರವಸೆಯಿಲ್ಲ. ನಿಮ್ಮ ಕಾರಿನಲ್ಲೇ ರಟ್ಟಿನ ಮಾದರಿ ತೆಗೆಯಿರಿ. ಕಾರ್ಪೆಟ್ ಹಾಸಿದ ಮೇಲೇ ತೆಗೆಯಬೇಕು. ಬರೀ ತಗಡಿನ ಮೇಲೆ ತೆಗೆದರೆ ಪೆಟ್ಟಿಗೆ ಕಾರ್ಪೆಟ್ ಮೇಲೆ ಎದ್ದು ನಿಲ್ಲುತ್ತದೆ. ರಟ್ಟನ್ನು ಟನೆಲ್‌ಗೆ ಅಡ್ಡಲಾಗಿ ನೆಟ್ಟಗೆ ಹಿಡಿದು, ಕಂಪಾಸನ್ನು ರಟ್ಟಿಗೂ ಟನೆಲ್‌ಗೂ ನಡುವಿನ ಅತಿ ದೊಡ್ಡ ಸಂದಿನಷ್ಟು ತೆರೆದು, ಮೊನೆಯನ್ನು ಟನೆಲ್ ಉದ್ದಕ್ಕೂ ಜಾರಿಸುತ್ತ ಹೋದರೆ ಪೆನ್ಸಿಲ್ ಅದೇ ವಕ್ರವನ್ನು ರಟ್ಟಿನ ಮೇಲೆ ಗೀಚುತ್ತದೆ. ಕಂಪಾಸ್ ಓರೆಯಾಗದಂತೆ ನೋಡಿಕೊಳ್ಳಿ. ಮುಂದಿನ ಹಲಗೆಗೊಂದು, ಹಿಂದಿನದಕ್ಕೊಂದು ಮಾದರಿ ಬೇಕು. ಎರಡೂ ಒಂದೇ ಇರುವುದಿಲ್ಲ. ನನಗೆ ಮುಂದಿನದು ಮೂರನೆಯ ರಟ್ಟಿಗೆ ಸರಿಹೋಯಿತು.

ಮರ ಕೊಯ್ಯುವ ಮುನ್ನ ರಟ್ಟಿನಲ್ಲೇ ಪೂರ್ತಿ ಪೆಟ್ಟಿಗೆ ಅಂಟಿಸಿ ಕಾರಿನಲ್ಲಿಟ್ಟು ನೋಡಿ. ಎರಡನೇ ಮತ್ತು ನಾಲ್ಕನೇ ಗೇರಿಗೆ ಲಿವರ್ ಹಿಂದಕ್ಕೆ ಬರುತ್ತದೆ. ಆಗ ಲಿವರ್ ತುದಿಯ ಗುಬುಟಿಗೂ ಪೆಟ್ಟಿಗೆಗೂ ನಡುವೆ ಮುಷ್ಟಿ ಹಿಡಿಸುವಷ್ಟು ಜಾಗ ಬೇಕು, ನಾನು 70 ಮಿ.ಮೀ. ಬಿಟ್ಟೆ. ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆದು ನೋಡಿ, ಸೀಟನ್ನು ಹಿಂದೆ ಮುಂದೆ ಸರಿಸಿ ನೋಡಿ. ಸೀಟ್ ಬೆಲ್ಟಿನ ಬಕಲ್ ಪೆಟ್ಟಿಗೆಯ ಪಕ್ಕದಲ್ಲಿ ಹೂತುಹೋಗಬಾರದು.

ನನ್ನ ಪೆಟ್ಟಿಗೆ 320 ಮಿ.ಮೀ. ಉದ್ದ. ಟನೆಲ್ ನೆತ್ತಿಯಿಂದ ಎತ್ತರ ಮುಂದೆ 90, ಹಿಂದೆ 120. ಮುಂದಿನ ಹಿಂದಿನ ಹಲಗೆಗಳಿಗೆ 9 ಮಿ.ಮೀ. ಪ್ಲೈವುಡ್, ಪಕ್ಕಗಳಿಗೆ 6, ಮುಚ್ಚಳಕ್ಕೆ 12. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬೇಡ. ಟಾಪ್ ಇಳಿಸಿದ ಕಾರಿಗೆ ಒಂದು ಮಳೆ ತಪ್ಪಿದ್ದಲ್ಲ, ನೀರು ಕುಡಿದ ಎಂಡಿಎಫ್ ಅಂಚು ಉಬ್ಬಿದರೆ ಮತ್ತೆ ಇಳಿಯುವುದಿಲ್ಲ. ಒಳಮೂಲೆಗಳಿಗೆ 20 ಮಿ.ಮೀ. ರೀಪು, ನೀರು ತಾಳುವ ಬಿಳಿ ಅಂಟು, ಒಂದು ರಾತ್ರಿ ಕ್ಲ್ಯಾಂಪು. ಕೊಯ್ದ ಅಂಚುಗಳಿಗೆಲ್ಲ ಎರಡು ಕೈ ವಾರ್ನಿಷ್. ಹೊರಮೂಲೆಗಳನ್ನು ಉಪ್ಪುಕಾಗದದಿಂದ ಉಜ್ಜಿ 3 ಮಿ.ಮೀ.ನಷ್ಟು ದುಂಡಗೆ ಮಾಡಿ. ಚೂಪು ಮೂಲೆಯ ಮೇಲೆ ರೆಕ್ಸಿನ್ ಬೇಗ ಸವೆಯುತ್ತದೆ.

ಲೋಟದ ಗೂಡಿಗೆ 75 ಮಿ.ಮೀ. ಪಿವಿಸಿ ಪೈಪಿನ ತುಂಡು, ಅದಕ್ಕೆ ದುಂಡು ತೂತು ಕೊರೆಯುವ 76 ಮಿ.ಮೀ. ಹೋಲ್‌ಸಾ. 330 ಮಿ.ಲೀ. ಕ್ಯಾನಿನ ವ್ಯಾಸ 66 ಮಿ.ಮೀ.; ಪೈಪಿನೊಳಗೆ ತೆಳ್ಳಗೆ ಫೆಲ್ಟ್ ಅಂಟಿಸಿದರೆ ಗಡಗಡ ಸದ್ದಿಲ್ಲ. ಆಳ 65 ಸಾಕು. ಕಮ್ಮಿಯಾದರೆ ತಿರುವಿನಲ್ಲಿ ಚೆಲ್ಲುತ್ತದೆ, ಜಾಸ್ತಿಯಾದರೆ ಹಿಡಿದು ಎತ್ತಲು ಬೆರಳಿಗೆ ಸಿಗದು. ಪೈಪಿನ ತಳ ಮುಚ್ಚಿ, ಆದರೆ ಪೆಟ್ಟಿಗೆಗೆ ಅಂಟಿಸಬೇಡಿ. ಚೆಲ್ಲಿದ ಕಾಫಿ ತೊಳೆಯಲು ಎತ್ತಿ ತೆಗೆಯುವಂತಿರಲಿ.

ನಾನು ಕೆಟ್ಟದ್ದು ರೆಕ್ಸಿನ್ ಕೆಲಸದಲ್ಲಿ. ಮೊದಲ ಸಲ ಸಾಧಾರಣ ಕಾಂಟ್ಯಾಕ್ಟ್ ಅಂಟು ಬಳಸಿದೆ. ಕೆಳಗಿನಿಂದ ಗೇರ್‌ಬಾಕ್ಸ್ ಕಾವು, ಮೇಲಿನಿಂದ ಬಿಸಿಲು. ಅಂಟು ಮೆತ್ತಗಾಗಿ ಅಂಚುಗಳು ಬಾಯಿ ಬಿಟ್ಟವು. ಕಾರಿನ ಸೀಟು, ಮೇಲ್ಛಾವಣಿಗೆ ಬಳಸುವ ಶಾಖ ತಾಳುವ ಅಂಟನ್ನೇ ತನ್ನಿ. ಎರಡೂ ಮೈಗೆ ಹಚ್ಚಿ, 10–15 ನಿಮಿಷ ಬಿಟ್ಟು, ಬೆರಳಿಗೆ ಮೆತ್ತಿಕೊಳ್ಳದ ಹದಕ್ಕೆ ಬಂದ ಮೇಲೆ ಒತ್ತಬೇಕು. ಹಸಿ ಇರುವಾಗಲೇ ಒತ್ತಿದರೆ ಗುಳ್ಳೆ ಏಳುತ್ತದೆ. ಸುತ್ತಲೂ 50 ಮಿ.ಮೀ. ಹೆಚ್ಚು ಬಿಟ್ಟು ಕತ್ತರಿಸಿ. ಕೆಳಗಿನ ವಕ್ರದಲ್ಲಿ ಒಳಕ್ಕೆ ಮಡಿಸುವ ಭಾಗಕ್ಕೆ 10 ಮಿ.ಮೀ.ಗೊಂದು ಗೀರು ಹಾಕಿ, ಗೀರು ಅಂಚಿಗೆ 3 ಮಿ.ಮೀ. ಮೊದಲೇ ನಿಲ್ಲಲಿ. ಮುಚ್ಚಳದ ಮೂಲೆಗಳಲ್ಲಿ ಒಂದೇ ದಪ್ಪ ಮಡಿಕೆಗಿಂತ ನಾಲ್ಕೈದು ಸಣ್ಣ ನೆರಿಗೆ ಚೆನ್ನ. ಮುಚ್ಚಳಕ್ಕೆ 20 ಮಿ.ಮೀ. ಗಟ್ಟಿ ಫೋಮ್, ಮೆತ್ತನೆಯದು ಮೊಣಕೈಗೆ ಮರ ತಾಗಿಸಿಬಿಡುತ್ತದೆ.

ಎರಡನೇ ಎಡವಟ್ಟು: ಮುಚ್ಚಳವನ್ನು ಬರೀ ಮರದ ಅಳತೆಗೆ ಕೊಯ್ದಿದ್ದೆ. ಅದು ಪಕ್ಕದ ಹಲಗೆಗಳ ಒಳಗೆ ಕೂರುವ ಮುಚ್ಚಳ. ರೆಕ್ಸಿನ್ ದಪ್ಪ 1 ಮಿ.ಮೀ.ಗೂ ಮೇಲೆ, ಮುಚ್ಚಳಕ್ಕೊಂದು ಪದರ, ಪಕ್ಕಕ್ಕೊಂದು ಪದರ, ಹೀಗೆ ಎರಡೂ ಕಡೆ. ಸುತ್ತಿದ ಮೇಲೆ ಮುಚ್ಚಳ ಬಿಗಿದು ನಿಂತಿತು. ಒಂದೊಂದು ಬದಿಗೂ 3 ಮಿ.ಮೀ. ಕಳೆದು ಕೊಯ್ಯಿರಿ.

ಚಾರ್ಜರಿಗೆ ಎಳೆದ ತಂತಿಯ ವಿಷಯ ಸ್ವಲ್ಪ ಜೋಪಾನ. 1967ರವರೆಗಿನ ಕಾರುಗಳಲ್ಲಿ ಕಾರಿನ ಮೈತಗಡಿಗೆ ಸೇರುವುದು ಬ್ಯಾಟರಿಯ ಪಾಸಿಟಿವ್. ಯಾರಾದರೂ ಬದಲಿಸಿರದಿದ್ದರೆ ಇವತ್ತಿನ ಚಾರ್ಜರನ್ನು ಅಲ್ಲಿ ಸುಮ್ಮನೆ ಸಿಕ್ಕಿಸಿದರೆ ಸುಟ್ಟೇ ಹೋಗುತ್ತದೆ. ನೆಗೆಟಿವ್ ಅರ್ಥ್ ಇದ್ದರೆ, ಅಂದರೆ ಮೈತಗಡಿಗೆ ಸೇರುವುದು ನೆಗೆಟಿವ್ ಆಗಿದ್ದರೆ, ಫ್ಯೂಸ್ ಬಾಕ್ಸಿನಲ್ಲಿ ಹಸಿರು ತಂತಿಯ ಕಡೆಯಿಂದ ತೆಗೆದುಕೊಳ್ಳಿ. ಅದು ಇಗ್ನಿಷನ್ ಹಾಕಿದಾಗ ಮಾತ್ರ ಜೀವಂತ, ಫ್ಯೂಸ್ ದಾಟಿ ಬಂದದ್ದು. ಬಿಳಿ ತಂತಿ ಹತ್ತಿರದಲ್ಲಿ ಸಿಗುತ್ತದೆಂದು ಅದಕ್ಕೆ ಕೈ ಹಾಕಬೇಡಿ. ಅದಕ್ಕೆ ಫ್ಯೂಸ್ ಇಲ್ಲ, ಇಗ್ನಿಷನ್ ಕಾಯಿಲಿಗೆ ಹೋಗುವುದೂ ಅದೇ. ಕಾರಿನಲ್ಲಿ ಮೊದಲೇ ಇರುವ ಲ್ಯೂಕಾಸ್ ಕಂಪನಿಯ ಗಾಜಿನ ಫ್ಯೂಸ್ 35 ಆಂಪಿಯರ್‌ವರೆಗೆ ಸುಮ್ಮನಿರುತ್ತದೆ, ಅಷ್ಟರಲ್ಲಿ ಸಣ್ಣ ತಂತಿ ಕರಗಿರುತ್ತದೆ. ಆದ್ದರಿಂದ ಫ್ಯೂಸ್ ಬಾಕ್ಸಿನ ಪಕ್ಕದಲ್ಲೇ ತಂತಿಯ ನಡುವೆಯೇ ಸೇರಿಸುವ ಬೇರೆ 3 ಆಂಪಿಯರ್ ಇನ್‌ಲೈನ್ ಫ್ಯೂಸ್. 1 ಚದರ ಮಿ.ಮೀ. ತಂತಿಯನ್ನು ಕಾರ್ಪೆಟ್ ಅಡಿ ತಂದು, ಪೆಟ್ಟಿಗೆಯ ಹಿಂದೆ ಎರಡು ಪಿನ್ನಿನ ಕನೆಕ್ಟರ್ ಕೊಟ್ಟಿದ್ದೇನೆ.

ಹಿಡಿತಕ್ಕೆ ಹಲಗೆಗಳ ವಕ್ರದಂಚಿಗೆ ನಿಯೋಪ್ರೀನ್ ಪಟ್ಟಿ, ಪಕ್ಕಗಳ ಒಳಮೈಗೆ 50 ಮಿ.ಮೀ. ಅಗಲದ ವೆಲ್ಕ್ರೋ ಎರಡು. ಮುಳ್ಳಿನ ಭಾಗ ಮಾತ್ರ ಸಾಕು, ಕಾರ್ಪೆಟ್ಟನ್ನೇ ಕಚ್ಚುತ್ತದೆ. ಹಿಡಿತ ಸಾಲದಿದ್ದರೆ ಪೆಟ್ಟಿಗೆ ಜೋರು ಬ್ರೇಕಿಗೆ ಮುಂದೆ ಜಾರಿ, ಎರಡನೇ ಗೇರಿಗೆ ಲಿವರ್ ಬಾರದಂತೆ ತಡೆಯುತ್ತದೆ. ಇಳಿಜಾರಿನಲ್ಲಿ ಅದು ತಮಾಷೆಯಲ್ಲ. ಖಾಲಿ ಜಾಗದಲ್ಲಿ 50 ಕಿ.ಮೀ. ವೇಗದಿಂದ ಐದಾರು ಸಲ ಗಟ್ಟಿ ಬ್ರೇಕ್ ಹಾಕಿ, ಒಂದು ಲೀಟರ್ ನೀರಿನ ಬಾಟಲಿ ಒಳಗಿಟ್ಟು ನೋಡಿದೆ. ಕಾರ್ಪೆಟ್ ಮೇಲೆ ಹಚ್ಚಿದ ಸೀಮೆಸುಣ್ಣದ ಗೆರೆಯಿಂದ 2 ಮಿ.ಮೀ. ಸರಿದಿತ್ತು, ಆಮೇಲೆ ಅಲ್ಲೇ ನಿಂತಿತು.