ಲೂಗರ್ ಪಿ.08 ತಡೆದು ನಿಂತಾಗ ಎಲ್ಲಿ ನೋಡಬೇಕು

1908ರಲ್ಲಿ ಜರ್ಮನ್ ಸೇನೆ ಒಪ್ಪಿಕೊಂಡ ಈ ಪಿಸ್ತೂಲಿಗೆ ಸ್ಲೈಡ್ (ಹಿಂದೆ ಮುಂದೆ ಜಾರುವ ಮೇಲ್ಕವಚ) ಇಲ್ಲ; ಬದಲಿಗೆ ಟಾಗಲ್ ಎಂಬ ಮಡಚುವ ಕೀಲು ಇದೆ. ಗುಂಡು ಹಾರಿದಾಗ ನಳಿಗೆ ಹಿಂದೆ ಸರಿಯುತ್ತದೆ. ಟಾಗಲ್‌ನ ಗುಬುಟುಗಳು ಫ್ರೇಮಿನ ಇಳಿಜಾರಿಗೆ ತಾಗಿ, ಟಾಗಲ್ ಮೊಣಕಾಲಿನಂತೆ ಮೇಲಕ್ಕೆ ಮಡಚಿಕೊಳ್ಳುತ್ತದೆ. ಕಾಡತೂಸಿನ ಬಲ, ಮ್ಯಾಗಜೀನ್ ಸ್ಪ್ರಿಂಗ್, ಹಿಡಿಕೆಯೊಳಗಿನ ರಿಕಾಯಿಲ್ ಸ್ಪ್ರಿಂಗ್ ಒಂದಕ್ಕೊಂದು ಹೊಂದದಿದ್ದರೆ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಹಾಗಾಗಿ ಅರ ಹಿಡಿಯುವ ಮೊದಲು ಈ ಮೂರನ್ನು ನೋಡಿ.

ಅದಕ್ಕೂ ಮುಂಚೆ ಮ್ಯಾಗಜೀನ್ ತೆಗೆದು, ಟಾಗಲ್ ಎಳೆದು, ಚೇಂಬರ್ (ನಳಿಗೆಯಲ್ಲಿ ಕಾಡತೂಸು ಕೂರುವ ಗೂಡು) ಖಾಲಿ ಇದೆಯೇ ಎಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಾತ್ರಿ ಮಾಡಿಕೊಳ್ಳಿ. ಸೈಡ್‌ಪ್ಲೇಟ್ (ಟ್ರಿಗರಿನ ಒತ್ತಡವನ್ನು ಸಿಯರಿಗೆ ಮುಟ್ಟಿಸುವ ಪಕ್ಕದ ತಟ್ಟೆ) ಬಿಚ್ಚಿದ ಮೇಲೂ, ಎಡಬದಿಯ ಸಿಯರ್ (ಕಾಡತೂಸಿಗೆ ಬಡಿಯುವ ಫೈರಿಂಗ್ ಪಿನ್ನನ್ನು ತಡೆದಿಡುವ ಭಾಗ) ಒತ್ತಿದರೆ ಚೇಂಬರ್‌ನಲ್ಲಿ ಉಳಿದ ಗುಂಡು ಹಾರುತ್ತದೆ. ಹಳೆಯ ಲೂಗರ್‌ನ ದೊಡ್ಡ ಅಪಾಯ ಇದೇ. ಕೈಯಲ್ಲಿ ಪರೀಕ್ಷಿಸುವಾಗ ಡಮ್ಮಿ ಕಾಡತೂಸು ಮಾತ್ರ ಬಳಸಿ.

ಗುಂಡು ಹಾರಿದ ಮೇಲೆ ಉಳಿಯುವ ಖಾಲಿ ಕೇಸ್ ಸಿಕ್ಕಿಕೊಳ್ಳುತ್ತಿದೆಯೇ? ಖಾಲಿ ಮ್ಯಾಗಜೀನ್ ಹಾಕಿ ಟಾಗಲ್ಲನ್ನು ಕೈಯಿಂದ ಪೂರ್ತಿ ಎಳೆಯಿರಿ. ಕೈಯಿಂದ ಎಳೆದಾಗ ತೆರೆದೇ ನಿಂತು, ಕೊನೆಯ ಗುಂಡು ಹೊಡೆದಾಗ ಮಾತ್ರ ಮುಚ್ಚಿಕೊಂಡರೆ ಟಾಗಲ್ ಪೂರ್ತಿ ಹಿಂದೆ ಹೋಗುತ್ತಿಲ್ಲ. ಕಾಡತೂಸು ದುರ್ಬಲವಾಗಿರಬಹುದು, ಯಾರೋ ಗಟ್ಟಿ ಸ್ಪ್ರಿಂಗ್ ಹಾಕಿರಬಹುದು, ಇಲ್ಲವೇ ಹಳೆಯ ಗ್ರೀಸ್ ಅಂಟಾಗಿರಬಹುದು. ಕೈಯಿಂದ ಎಳೆದರೂ ನಿಲ್ಲದಿದ್ದರೆ ದೋಷ ಮ್ಯಾಗಜೀನ್‌ನ ಫಾಲೋವರ್‌ನಲ್ಲಿ (ಕಾಡತೂಸುಗಳನ್ನು ಮೇಲೆತ್ತುವ ತಟ್ಟೆ) ಅಥವಾ ಟಾಗಲ್ಲನ್ನು ತೆರೆದು ಹಿಡಿಯುವ ಹೋಲ್ಡ್‌-ಓಪನ್ ಲಾಚ್‌ನಲ್ಲಿ. ಟಾಗಲ್ ಪೂರ್ತಿ ಹಿಂದೆ ಹೋಗಿಯೂ ಕೇಸ್ ಹೊರಬೀಳದಿದ್ದರೆ ಬಲಬದಿಯ ಎಜೆಕ್ಟರ್ (ಕೇಸನ್ನು ಹೊರಗೆ ಚಿಮ್ಮಿಸುವ ಭಾಗ) ತುದಿ ಮುರಿದಿದೆಯೇ ನೋಡಿ. ಬಲ ಸಾಲದು ಎಂದು +ಪಿ (ಹೆಚ್ಚು ಒತ್ತಡದ) ಕಾಡತೂಸು ಮಾತ್ರ ಹಾಕಬೇಡಿ. ನೂರು ವರ್ಷದ ಉಕ್ಕು ಆ ಪೆಟ್ಟಿಗೆ ಸಿದ್ಧವಾದದ್ದಲ್ಲ.

ಕಾಡತೂಸಿನ ಮೂತಿ ಕೆಳಗಿಳಿದು ಚೇಂಬರ್ ಎದುರಿನ ಇಳಿಜಾರಿಗೆ ಗುದ್ದಿ ನಿಂತರೆ ಮೊದಲ ಅನುಮಾನ ಮ್ಯಾಗಜೀನ್ ಮೇಲೆ. ಹಿಡಿಕೆ ತುಂಬಾ ವಾಲಿರುವುದರಿಂದ 8 ಕಾಡತೂಸುಗಳನ್ನು ಬೇಗ ಮೇಲಕ್ಕೆ ತಳ್ಳಲು ಗಟ್ಟಿ ಸ್ಪ್ರಿಂಗ್ ಬೇಕು. ದಶಕಗಳಷ್ಟು ಹಳೆಯದು ಸೋತಿರುತ್ತದೆ. ಬೇರೆ ಮ್ಯಾಗಜೀನ್‌ನಲ್ಲಿ ಸರಿಹೋದರೆ ಪಿಸ್ತೂಲನ್ನು ಮುಟ್ಟುವ ಅಗತ್ಯವೇ ಇಲ್ಲ. ಕಾಡತೂಸಿನ ಉದ್ದವನ್ನೂ ಅಳೆಯಿರಿ: 9 ಮಿ.ಮೀ. ಪ್ಯಾರಾಬೆಲ್ಲಮ್‌ನ ಗರಿಷ್ಠ ಉದ್ದ 29.69 ಮಿ.ಮೀ. ಅದಕ್ಕಿಂತ ತೀರಾ ಗಿಡ್ಡವಾದದ್ದು ಮೂತಿ ಬಗ್ಗಿಸುತ್ತದೆ.

ಬಿಚ್ಚಿ ಜೋಡಿಸಿದ ಮೇಲೆ ಟಾಗಲ್ ಸಡಿಲವಾಗಿ ಆಡುತ್ತಿದ್ದರೆ ಅದರ ಹಿಂಬದಿಯ ಕೊಂಡಿ ಸ್ಪ್ರಿಂಗ್ ಲಿವರ್‌ಗೆ ಸಿಕ್ಕಿಲ್ಲ. ಪಿಸ್ತೂಲನ್ನು ತಲೆಕೆಳಗಾಗಿ ಹಿಡಿದು ಜೋಡಿಸಿದರೆ ಕೊಂಡಿ ತಾನಾಗಿ ಜಾಗಕ್ಕೆ ಬೀಳುತ್ತದೆ.

ಟ್ರಿಗರ್ ಎಳೆದರೂ ಗುಂಡು ಹಾರದಿದ್ದರೆ, ಪಿಸ್ತೂಲನ್ನು ಸುರಕ್ಷಿತ ದಿಕ್ಕಿಗೆ ಹಿಡಿದು 30 ಸೆಕೆಂಡ್ ಕಾದು, ಆಮೇಲೆ ಕಾಡತೂಸು ಹೊರತೆಗೆದು ಅದರ ತಳದ ಪ್ರೈಮರ್ (ಮದ್ದಿಗೆ ಕಿಡಿ ಕೊಡುವ ಬಿಲ್ಲೆ) ಮೇಲೆ ಪಿನ್ ಬಡಿದ ಗುರುತು ನೋಡಿ. ಗುರುತು ಆಳವಿಲ್ಲದಿದ್ದರೆ ಫೈರಿಂಗ್ ಪಿನ್ ಬಿಲದ ಗಟ್ಟಿಗ್ರೀಸ್ ತೆಗೆದು, ಸ್ಪ್ರಿಂಗ್ ಮತ್ತು ಪಿನ್ ತುದಿ ಪರೀಕ್ಷಿಸಿ. ಗುರುತೇ ಇಲ್ಲದಿದ್ದರೆ ಟಾಗಲ್ ಪೂರ್ತಿ ಕೂತಿತ್ತೇ ಎಂಬುದನ್ನೂ, ಸೈಡ್‌ಪ್ಲೇಟ್ ಸಂಖ್ಯೆ ಪಿಸ್ತೂಲಿನದರೊಂದಿಗೆ ಹೊಂದುತ್ತದೆಯೇ ಎಂಬುದನ್ನೂ ನೋಡಿ. ಬೇರೆ ಪಿಸ್ತೂಲಿನ ಸೈಡ್‌ಪ್ಲೇಟ್ ಹಾಕಿದ್ದರೆ ಅದರ ಲಿವರ್ ಸಿಯರನ್ನು ಸರಿಯಾಗಿ ಒತ್ತದೇ ಹೋಗಬಹುದು.

ಬದಲಾಯಿಸಲೇಬೇಕಾದರೆ ಹೊಸ ಸ್ಪ್ರಿಂಗ್, ಹೊಸ ಪಿನ್ ಹಾಕಿ, ಸಂಖ್ಯೆ ಕೊರೆದ ಮೂಲ ಭಾಗವನ್ನು ಎಣ್ಣೆ ಸವರಿ ಚೀಟಿ ಕಟ್ಟಿ ಎತ್ತಿಡಿ. ಮೂಲ ಭಾಗವನ್ನು ಅರದಿಂದ ಉಜ್ಜಬೇಡಿ.