ಬೀಟಲ್ ಆಕ್ಸಲ್ ಬೂಟ್: ಟ್ಯೂಬ್ ಬಿಚ್ಚದೆ, ಗನ್ ಹಿಡಿಯದೆ

ಎಡಗಡೆಯ ಬೂಟ್ (ಆಕ್ಸಲ್ ಟ್ಯೂಬ್ ಗೇರ್‌ಬಾಕ್ಸ್‌ಗೆ ಸೇರುವಲ್ಲಿ ಆಯಿಲ್ ತಡೆಯುವ ರಬ್ಬರ್ ಕವಚ) ಹಾಕಿ ಎರಡು ಮಳೆಗಾಲ ಕಳೆಯಿತು. ಮೊನ್ನೆ ಗಾಡಿ ಕೆಳಗೆ ಮಲಗಿ ಬೆರಳಲ್ಲಿ ಒರೆಸಿ ನೋಡಿದೆ. ಧೂಳು ಬಂತು, ಆಯಿಲ್ ಬರಲಿಲ್ಲ. ಈಗ ಬರೆಯಲು ಧೈರ್ಯ ಬಂದಿದೆ.

ಗಾಡಿ 1965ರ ಫೋಕ್ಸ್‌ವ್ಯಾಗನ್ ಬೀಟಲ್ ಕಾರು, ಸ್ವಿಂಗ್ ಆಕ್ಸಲ್, ಅಂದರೆ ಚಕ್ರದ ಜೊತೆ ಆಕ್ಸಲ್ ಟ್ಯೂಬೂ ಮೇಲೆ ಕೆಳಗೆ ಆಡುತ್ತದೆ. ಇರುವುದು ಮೈಸೂರಿನಲ್ಲಿ. ಎಡ ಹಿಂದಿನ ಚಕ್ರದ ಹತ್ತಿರ ದಿನಾ ಅಂಗೈ ಅಗಲದ ಆಯಿಲ್ ಕಲೆ. ಮೊದಲು ಬ್ರೇಕ್ ಡ್ರಮ್ ಒಳಗಿನ ಆಯಿಲ್ ಸೀಲ್ ಹೋಗಿದೆ ಅಂದುಕೊಂಡೆ. ಡ್ರಮ್ ಬಿಚ್ಚಿಸಿ ಸೀಲ್ ಬದಲಾಯಿಸಿದೆ. ಸುಮಾರು 900 ರೂಪಾಯಿ ಹೋಯಿತು, ಸೋರಿಕೆ ಹೋಗಲಿಲ್ಲ. ಬ್ರೇಕ್ ಶೂ ಒಣಗಿದ್ದದ್ದು ನೋಡಿಯೂ ಬುದ್ಧಿ ಓಡಲಿಲ್ಲ. ಸೋರುತ್ತಿದ್ದದ್ದು ಗೇರ್‌ಬಾಕ್ಸ್ ಪಕ್ಕದ ಬೂಟ್. ಆಯಿಲ್ ಟ್ಯೂಬ್ ಮೇಲೆ ಹರಿದು ಚಕ್ರದ ಹತ್ತಿರ ತೊಟ್ಟಿಕ್ಕುತ್ತಿತ್ತು, ಅಷ್ಟೇ.

ಒಂದೇ ತುಂಡಿನ ಬೂಟೇ ಹಾಕಬೇಕು, ಟ್ಯೂಬಿನ ತುದಿಯ ಫ್ಲಾಂಜ್ ಒತ್ತಿ ತೆಗೆಯಬೇಕು, ಎಲ್ಲಾ ಸೇರಿ 18 ಸಾವಿರ ಎಂದರು ಮೆಕ್ಯಾನಿಕ್. ಸೀಳು ಬೂಟ್, ಅಂದರೆ ಉದ್ದಕ್ಕೆ ಸೀಳಿದ್ದು, ಟ್ಯೂಬ್ ಸುತ್ತ ಸುತ್ತಿ ಸ್ಕ್ರೂ ಹಾಕಿ ಮುಚ್ಚುವಂಥದ್ದು, ಹಾಕೋಣ ಅಂದರೆ ನಕ್ಕರು. ‘ಹೊಲಿಗೆ ಹಾಕಿದ ಕೊಡದಲ್ಲಿ ನೀರು ನಿಲ್ಲುತ್ತಾ ಸಾರ್?’ ಗೆಳೆಯರೂ ಅದೇ ಮಾತು. ನಿಜ ಹೇಳಬೇಕೆಂದರೆ ಮೊದಲ ಸಲ ಅವರೇ ಗೆದ್ದರು.

ಮೊದಲನೇ ಬೂಟ್ ತರಿಸಲು ಕೊರಿಯರ್ ಸೇರಿ 1,800 ಆಗಿತ್ತು. ಹಿಂದೆ ಜಾಕಿ ಕೊಟ್ಟು, ಚಕ್ರ ಜೋತಾಡುತ್ತಿದ್ದಾಗಲೇ ಹಾಕಿದೆ. ಸೀಳು ಕೆಳಗೆ ಬರುವಂತೆ ಇಟ್ಟೆ, ಕೈಗೆ ಸಿಗಲಿ ಅಂತ. ಪುಟ್ಟ ಸ್ಕ್ರೂಗಳನ್ನು ಜೀವ ಬಿಟ್ಟು ಬಿಗಿ ಮಾಡಿದೆ. ಗಾಡಿ ಇಳಿಸಿದ ಕೂಡಲೇ ಟ್ಯೂಬ್ ಮೇಲಕ್ಕೆದ್ದು ಬೂಟ್ ತಿರುಚಿಕೊಂಡಿತು. ಸ್ಕ್ರೂ ನಡುವೆ ರಬ್ಬರ್ ಉಬ್ಬಿ ಬಾಯಿ ಬಿಟ್ಟಿತ್ತು. ಮಾರನೇ ದಿನ ಕಲೆ ಮೊದಲಿಗಿಂತ ದೊಡ್ಡದು!

ಕೈ ಖಾಲಿ ಇದ್ದ ಆ ತಿಂಗಳು ಸೈಕಲ್ ಟ್ಯೂಬ್ ಕತ್ತರಿಸಿ ಸುತ್ತಿ ಕ್ಲಾಂಪ್ ಹಾಕಿದರೆ ಹೇಗೆ ಎಂಬ ಯೋಚನೆ ಬಂತು. ಸುತ್ತುವ ಮೊದಲು ಪರೀಕ್ಷೆ ಮಾಡಿದೆ. ಉಪ್ಪಿನಕಾಯಿ ಬಾಟಲಿಯಲ್ಲಿ 90 ನಂಬರ್ ಗೇರ್ ಆಯಿಲ್ ಹಾಕಿ, ಒಂದು ತುಂಡು ಸೈಕಲ್ ಟ್ಯೂಬ್, ಒಂದು ತುಂಡು ಹಳೇ ಆಯಿಲ್ ಸೀಲ್ ಮುಳುಗಿಸಿಟ್ಟೆ. ಎರಡು ವಾರಕ್ಕೆ ಟ್ಯೂಬ್ ತುಂಡು ಹಪ್ಪಳದ ಹಿಟ್ಟಿನಂತೆ ಉಬ್ಬಿ ಮೆತ್ತಗಾಗಿತ್ತು. ನೈಟ್ರೈಲ್ ಎಂಬ ರಬ್ಬರಿನ ಸೀಲ್ ತುಂಡು ಇದ್ದ ಹಾಗೇ ಇತ್ತು. ಅಗ್ಗದ ನಕಲಿ ಬೂಟ್‌ಗಳು ಯಾಕೆ ಬೇಗ ಹೋಗುತ್ತವೆ ಎಂಬುದಕ್ಕೂ ಉತ್ತರ ಸಿಕ್ಕಿತು. ಅಂಗಡಿಯಲ್ಲಿ ‘ಒರಿಜಿನಲ್ಲಾ’ ಅಂತ ಕೇಳಬೇಡಿ, ಯಾವ ರಬ್ಬರ್ ಅಂತ ಕೇಳಿ. ಬಾಟಲಿ ವಿಷಯದಲ್ಲಿ ಮನೆಯಲ್ಲಿ ನಡೆದದ್ದು ಇಲ್ಲಿ ಬೇಡ.

ಎರಡನೇ ಬೂಟ್‌ಗೆ ಜಾಕಿಯನ್ನು ಬರೀ ಗಾಡಿ ಎತ್ತಲು ಬಳಸಿದೆ. ಹಿಂದಿನ ಎರಡೂ ಟೈರ್ ಕೆಳಗೆ ಹಲಸಿನ ಹಲಗೆ ಪೇರಿಸಿ, ಆರೇಳು ಇಂಚು ಮೇಲೆ, ಗಾಡಿಯ ಭಾರ ಚಕ್ರದ ಮೇಲೇ ಕೂರುವಂತೆ ನಿಲ್ಲಿಸಿದೆ. ಮುಂದಿನ ಚಕ್ರಕ್ಕೆ ಕಲ್ಲು. ಹಳೇ ಬೂಟ್ ಕತ್ತರಿಸಿ, ಟ್ಯೂಬ್ ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿದೆ. ಸೀಳು ಹಿಂದಕ್ಕೆ, ಸ್ವಲ್ಪವೇ ಮೇಲಕ್ಕೆ ಮುಖ ಮಾಡಿರಬೇಕು. ಪೂರ್ತಿ ಮೇಲೂ ಬೇಡ, ಕೆಳಗೂ ಬೇಡ, ಅಲ್ಲೇ ಅದು ಜಾಸ್ತಿ ಬಾಗುವುದು. ಗ್ಯಾಸ್ಕೆಟ್ ಪೇಸ್ಟ್ ತೆಳುವಾಗಿ ಸವರಿ, ಬೆರಳಿಗೆ ಅಂಟುವ ಹದಕ್ಕೆ ಬಂದಮೇಲೆ ಜೋಡಿಸಿದೆ. ಪೇಸ್ಟ್‌ಗಿಂತ ಮೊದಲು ಸೀಳಿಗೆ ಉಜ್ಜಿದ್ದು ಇನ್ನೊಂದಿದೆ. ಅದು ನನ್ನ ಹತ್ತಿರವೇ ಇರಲಿ. ಸ್ಕ್ರೂಗಳನ್ನು ಮಧ್ಯದಿಂದ ಶುರುಮಾಡಿ ಮೂರು ಸುತ್ತಿನಲ್ಲಿ, ರಬ್ಬರ್ ಉಬ್ಬಲು ಶುರುವಾಗುವ ಮುಂಚೆಯೇ ನಿಲ್ಲಿಸಿದೆ. ಎರಡು ಕ್ಲಾಂಪ್ ಕೊನೆಗೆ.

ಗೇರ್‌ಬಾಕ್ಸ್‌ಗೆ ಮತ್ತೆ ಆಯಿಲ್ ತುಂಬುವಾಗ ಅವಸರ ಬೇಡ. ಒಂದು ಲೀಟರ್ ಚಿಲ್ಲರೆಗೇ ರಂಧ್ರದಿಂದ ಹೊರಗೆ ಬರುತ್ತದೆ. ತುಂಬಿತು ಅಂದುಕೊಂಡು ಪ್ಲಗ್ ಹಾಕಿಬಿಟ್ಟರೆ ಕೆಟ್ಟಿರಿ. ಟೀ ಕುಡಿದು ಬನ್ನಿ, ಅಷ್ಟರಲ್ಲಿ ಒಳಗೆ ಇಳಿದಿರುತ್ತದೆ. ಒಟ್ಟು ಎರಡೂವರೆ ಲೀಟರ್ ಹಿಡಿಯಬೇಕು. ಪ್ಲಗ್ ತಿರುಗಿಸಲು 17ರ ಅಲೆನ್ ಕೀ (ಆರು ಮೂಲೆಯ ಕೀ) ಇಲ್ಲದಿದ್ದರೆ 17 ತಲೆಯ ಬೋಲ್ಟ್‌ಗೆ ಎರಡು ನಟ್ ಒಂದಕ್ಕೊಂದು ಬಿಗಿದು ತಿರುಗಿಸಿ.

ಇನ್ನು ಆಕ್ಸಲ್ ನಟ್, ಹಿಂದಿನ ಡ್ರಮ್ಮನ್ನು ಆಕ್ಸಲ್‌ಗೆ ಬಿಗಿದಿಡುವ ದೊಡ್ಡ ನಟ್. ಹೆಚ್ಚು ದುಡ್ಡು ನುಂಗಿದ್ದು ಇದೇ. ಸೀಲ್ ಹಾಕಿಸಿದಾಗ ಗ್ಯಾರೇಜಿನ ಹುಡುಗ ಉಳಿ, ಸುತ್ತಿಗೆಯಲ್ಲಿ ಬಡಿದು ‘ಟೈಟ್ ಆಯ್ತು ಸಾರ್’ ಅಂದಿದ್ದ. ಎರಡು ತಿಂಗಳಲ್ಲಿ ರಿವರ್ಸ್ ಹಾಕಿದಾಗಲೆಲ್ಲ ಟಕ್ ಎನ್ನತೊಡಗಿತು. ಚಾಮುಂಡಿ ಬೆಟ್ಟ ಹತ್ತುವಾಗ ಇನ್ನೂ ಜೋರು. ಬಿಚ್ಚಿದರೆ ಡ್ರಮ್ ಒಳಗಿನ ಹಲ್ಲುಗಳು ಸವೆದು ಹೋಗಿದ್ದವು. ಹಳೇ ಡ್ರಮ್ ಒಂದಕ್ಕೆ 6,500 ಕೊಟ್ಟೆ.

ಆ ನಟ್‌ಗೆ ಬೇಕಾದ ಬಿಗಿ 217 ಅಡಿ-ಪೌಂಡ್, ಅಂದರೆ ಸುಮಾರು 30 ಕೆಜಿ-ಮೀಟರ್. ಅಷ್ಟು ಅಳೆಯುವ ಟಾರ್ಕ್ ರೆಂಚ್‌ಗೆ ಏಳೆಂಟು ಸಾವಿರ ಹೇಳಿದರು. ಗಾಳಿಯ ಒತ್ತಡದಲ್ಲಿ ನಟ್ ಬಿಗಿಯುವ ಏರ್ ಗನ್ ಹೊಡೆದರೆ ಎಷ್ಟು ಬಿಗಿಯಾಯಿತೆಂದು ಹೊಡೆದವನಿಗೂ ಗೊತ್ತಿರುವುದಿಲ್ಲ. ನನ್ನ ತೂಕ 75 ಕೆಜಿ. ನಟ್ ಮಧ್ಯದಿಂದ 40 ಸೆಂ.ಮೀ. ದೂರದಲ್ಲಿ ನಿಂತರೆ ಲೆಕ್ಕ ಸರಿಹೋಯಿತು, ಅಲ್ವಾ? 36ರ ಸಾಕೆಟ್, ಹ್ಯಾಂಡಲ್, ಅದಕ್ಕೆ ಒಂದು ಮೀಟರ್ ನೀರಿನ ಪೈಪ್, 40ಕ್ಕೆ ಕೆಂಪು ಬಣ್ಣದ ಗೆರೆ. ಗಾಡಿ ನೆಲದ ಮೇಲೆ, ಗೇರಿನಲ್ಲಿ, ಹ್ಯಾಂಡ್ ಬ್ರೇಕ್ ಎಳೆದು. ಪೈಪ್ ನೆಲಕ್ಕೆ ಸಮನಾಗಿರಬೇಕು. ಮೆಲ್ಲಗೆ ನಿಲ್ಲಬೇಕು, ಕುಣಿಯಬಾರದು. ನಟ್ ಸಡಿಲವಾಗದಂತೆ ಹಿಡಿಯುವ ಸ್ಪ್ಲಿಟ್ ಪಿನ್ನಿನ ತೂತು ನಟ್ಟಿನ ಕಚ್ಚಿಗೆ ಕೂಡದಿದ್ದರೆ ಇನ್ನಷ್ಟು ಬಿಗಿ ಮಾಡಬೇಕೇ ಹೊರತು ಸಡಿಲಿಸಬಾರದು.

ಬಿಚ್ಚುವಾಗ ಮಾತ್ರ ಕುಣಿದೆ. ಮೊದಲು ತಂದ 250 ರೂಪಾಯಿಯ ಸಾಕೆಟ್ ಸೀಳಿತು, ಪೈಪ್ ಜಾರಿ ಮಡ್‌ಗಾರ್ಡ್‌ಗೆ ಬಡಿಯಿತು. ಟಿಂಕರಿಂಗ್, ಪೇಂಟ್ ಸೇರಿ 2,500. ಆಮೇಲೆ ಗುಜರಿಯಲ್ಲಿ ಮುಕ್ಕಾಲು ಇಂಚು ಡ್ರೈವಿನ ಲಾರಿ ಸಾಕೆಟ್ ಸಿಕ್ಕಿತು, 600ಕ್ಕೆ. ಅದು ಮೊಮ್ಮಕ್ಕಳ ಕಾಲಕ್ಕೂ ಇರುತ್ತದೆ. ಪೈಪ್ ಜಾರದಿರಲು ಮಾಡಿಕೊಂಡ ಉಪಾಯ ಚೆನ್ನಾಗಿದೆ, ಆದರೆ ಕೈಯಲ್ಲಿ ತೋರಿಸಬೇಕು, ಬರೆಯಲು ಬಾರದು.

ನಲವತ್ತು ಕಿಲೋಮೀಟರ್ ಓಡಿಸಿ, ಶ್ರೀರಂಗಪಟ್ಟಣಕ್ಕೆ ಹೋಗಿಬಂದು, ಪಿನ್ ತೆಗೆದು ಮತ್ತೆ ಗೆರೆಯ ಮೇಲೆ ನಿಂತೆ. ಎಡಗಡೆ ನಟ್ ಅರ್ಧ ಕಚ್ಚಿನಷ್ಟು ತಿರುಗಿತು. ಬಲಗಡೆ ಅಲುಗಲಿಲ್ಲ. ಒಂದು ಸಲ ಹೆಂಡತಿಯನ್ನೂ ಪೈಪ್ ಮೇಲೆ ನಿಲ್ಲಿಸೋಣ, ತೂಕ ಕೇಳಿ ದೂರ ಲೆಕ್ಕ ಹಾಕೋಣ ಅಂದುಕೊಂಡೆ. ತೂಕ ಹೇಳಲಿಲ್ಲ, ಪ್ರಯೋಗ ಅಲ್ಲಿಗೇ ನಿಂತಿತು.

ಈಗ ಬಲಗಡೆಯ ಬೂಟ್ ಕ್ಲಾಂಪ್ ಹತ್ತಿರ ಬೆವರುತ್ತಿದೆ. ಹೊಸದು ಪೆಟ್ಟಿಗೆಯಲ್ಲಿದೆ, ದಸರಾ ರಜೆಗೆ ಹಾಕುತ್ತೇನೆ. ಆ ಮೆಕ್ಯಾನಿಕ್ ನೋಡಲು ಬರುತ್ತೇನೆ ಅಂದಿದ್ದಾರೆ. ಸಾಕೆಟ್ ಕೂಡ ಕೇಳಿದ್ದಾರೆ, ಒಂದು ದಿನದ ಮಟ್ಟಿಗೆ.