ಆರ್ಕಿಡ್ ಎಲೆ ಜೋತುಬಿತ್ತೇ? ನೀರು ಹಾಕುವ ಮೊದಲು ಬೇರು ನೋಡಿ

ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದಿಂದಲೋ ಮನೆ ಹತ್ತಿರದ ನರ್ಸರಿಯಿಂದಲೋ ತಂದ ಫೆಲನಾಪ್ಸಿಸ್ ಆರ್ಕಿಡ್ ಎರಡು ತಿಂಗಳು ಹೂ ಹೊತ್ತು ನಿಲ್ಲುತ್ತದೆ. ಹೂ ಮುಗಿದ ಮೇಲೆ ಎಲೆ ಸುಕ್ಕುಗಟ್ಟಿ ಜೋಲತೊಡಗುತ್ತದೆ. ಪಾಪ, ಬಾಯಾರಿದೆ ಎಂದುಕೊಂಡು ಇನ್ನೊಂದು ಚೊಂಬು ನೀರು ಸುರಿಯುತ್ತೇವೆ. ಗಿಡವನ್ನು ಕೊಲ್ಲುವುದು ಹೆಚ್ಚಾಗಿ ಈ ಎರಡನೇ ಚೊಂಬೇ.

ಮಲೆನಾಡಿನ ಮರಗಳಲ್ಲಿ ತೂಗುವ ಸೀತಾಳೆ ದಂಡೆಯನ್ನು ನೆನಪಿಸಿಕೊಳ್ಳಿ. ಅದರ ಬೇರು ಮಣ್ಣನ್ನೇ ಕಂಡಿರುವುದಿಲ್ಲ. ಮಳೆಗೆ ನೆನೆಯುತ್ತದೆ, ಗಾಳಿಗೆ ಕೆಲವೇ ಗಂಟೆಗಳಲ್ಲಿ ಒಣಗುತ್ತದೆ. ಫೆಲನಾಪ್ಸಿಸ್ ಕೂಡ ಹಾಗೆಯೇ ಮರದ ಮೇಲೆ ಬೆಳೆಯುವ ಗಿಡ. ಬೇರಿನ ಹೊರಪದರ ಸ್ಪಂಜಿನಂತೆ ನೀರು ಹೀರುತ್ತದೆ; ಆ ಸ್ಪಂಜು ಸದಾ ಒದ್ದೆಯಾಗಿದ್ದರೆ ಗಾಳಿ ಸಿಗದೆ ಕೊಳೆಯುತ್ತದೆ. ಕೊಳೆತ ಬೇರು ನೀರು ಎತ್ತುವುದಿಲ್ಲ. ಹೀಗಾಗಿ ನೀರು ಹೆಚ್ಚಾದ ಗಿಡದ ಎಲೆಯೂ ನೀರಿಲ್ಲದ ಗಿಡದ ಎಲೆಯೂ ಒಂದೇ ರೀತಿ ಸುಕ್ಕಾಗುತ್ತವೆ. ಎಲೆ ನೋಡಿ ಎರಡನ್ನೂ ಬೇರ್ಪಡಿಸಲು ಆಗದು.

ಬೇರಿನ ತಪಾಸಣೆ

ಕುಂಡವನ್ನು ಸುತ್ತಲೂ ಮೆಲ್ಲಗೆ ಅದುಮಿ ಗಿಡವನ್ನು ಹೊರತೆಗೆಯಿರಿ. ಬೇರು ಅಂಟಿಕೊಂಡಿದ್ದರೆ ಕುಂಡವನ್ನು ಹತ್ತು ನಿಮಿಷ ನೀರಿನಲ್ಲಿಡಿ. ಕುಂಡದಲ್ಲಿ ಮಣ್ಣಿನ ಬದಲು ತುಂಬಿರುವ ಹಳೆಯ ತೊಗಟೆ ಚೂರುಗಳನ್ನು ಬಿಡಿಸಿ, ನಡುವೆ ಬೆರಳು ಹಾಕಿ ನೋಡಿ. ಅಂಗಡಿಯಿಂದ ಬಂದ ಗಿಡಗಳಲ್ಲಿ ಬುಡದ ನಟ್ಟನಡುವೆ ಪಾಚಿಯ (ನರ್ಸರಿಯವರು ಬಳಸುವ ಒಣ ಸ್ಫ್ಯಾಗ್ನಮ್ ಮಾಸ್) ಅಥವಾ ತೆಂಗಿನ ನಾರುಪುಡಿಯ ಗಟ್ಟಿ ಉಂಡೆಯೊಂದು ಸಾಮಾನ್ಯವಾಗಿ ಇರುತ್ತದೆ. ಸಸಿ ಚಿಕ್ಕದಿದ್ದಾಗ ನೆಟ್ಟ ಉಂಡೆ ಅದು. ಮೇಲಿನ ತೊಗಟೆ ಒಣಗಿದ್ದರೂ ಅದು ಒಳಗೆ ವಾರಗಟ್ಟಲೆ ಒದ್ದೆಯಾಗಿರುತ್ತದೆ. ಅದನ್ನು ಪೂರ್ತಿ ಕಿತ್ತುಹಾಕಿ.

ಈಗ ಒಂದೊಂದೇ ಬೇರನ್ನು ಎರಡು ಬೆರಳಲ್ಲಿ ಹಿಡಿದು ಒತ್ತಿ. ಒಣಗಿದಾಗ ಬೆಳ್ಳಿಬಣ್ಣ, ನೆನೆದಾಗ ಹಸಿರು, ಕೈಗೆ ಗಟ್ಟಿ: ಇದು ಒಳ್ಳೆಯ ಬೇರು. ಕಂದುಬಣ್ಣಕ್ಕೆ ತಿರುಗಿ, ಒತ್ತಿದರೆ ನೀರು ಒಸರಿ, ಎಳೆದರೆ ಸಿಪ್ಪೆ ಜಾರಿ ಒಳಗಿನ ದಾರವಷ್ಟೇ ಉಳಿದರೆ ಅದು ಸತ್ತ ಬೇರು. ಒತ್ತಿದರೆ ಟೊಳ್ಳಾಗಿ ಚಪ್ಪಟೆಯಾಗುವ ಒಣ ಬೇರು ನೀರಿನ ಕೊರತೆಯ ಗುರುತು. ಕಂದು ಬಣ್ಣವೊಂದನ್ನೇ ನಂಬಬೇಡಿ. ತೊಗಟೆಯ ಕಲೆ ಹತ್ತಿದ ಗಟ್ಟಿ ಬೇರು ಚೆನ್ನಾಗಿಯೇ ಇರುತ್ತದೆ.

ಸತ್ತದ್ದನ್ನೆಲ್ಲ ಕತ್ತರಿಸಿ. ಕತ್ತರಿಯ ಅಲಗನ್ನು ಮೊದಲು ಸ್ಟವ್ ಉರಿಯಲ್ಲಿ ಕಾಯಿಸಿ ಆರಿಸಿಕೊಳ್ಳಿ. ಗಿಡವನ್ನು ನೆರಳಿನಲ್ಲಿ ಒಂದು ದಿನ ಬಿಟ್ಟು ಗಾಯ ಒಣಗಿಸಿ, ಬಳಿಕ ನೆಡಿ. ಮಿಶ್ರಣಕ್ಕೆ ಎರಡು ಪಾಲು ಪೈನ್ ತೊಗಟೆ, ಒಂದು ಪಾಲು ಕಟ್ಟಿಗೆಯ ಇದ್ದಿಲು, ಚೂರುಗಳ ಅಳತೆ ಒಂದರಿಂದ ಎರಡು ಸೆಂ.ಮೀ. ತೊಗಟೆ ಸಿಗದಿದ್ದರೆ ತೆಂಗಿನ ಸಿಪ್ಪೆಯ ಚೂರು ನಡೆಯುತ್ತದೆ. ಅದರಲ್ಲಿ ಲವಣ ಇರುವುದರಿಂದ ಒಂದು ದಿನ ನೆನೆಸಿ, ಎರಡು ಮೂರು ಬಾರಿ ನೀರು ಬದಲಾಯಿಸಿ ಬಳಸಿ. ಕುಂಡ ಬೇರುಗಳು ಹಿಡಿಯುವಷ್ಟು ದೊಡ್ಡದಿದ್ದರೆ ಸಾಕು, ತಳದಲ್ಲಿ ನಾಲ್ಕಾರು ತೂತು ಇರಲಿ. ದೊಡ್ಡ ಕುಂಡದಲ್ಲಿ ಗಿಡ ಬೇಗ ಬೆಳೆಯುವುದಿಲ್ಲ, ಬೇಗ ಕೊಳೆಯುತ್ತದೆ. ಮೊದಲ ನೀರು ಎರಡು ಮೂರು ದಿನ ಬಿಟ್ಟು.

ಒಂದೆರಡು ಬೇರು ಮಾತ್ರ ಉಳಿದಿದ್ದರೆ ಚಿಕ್ಕ ಕುಂಡದಲ್ಲಿ ಹಿಂಡಿದ ಒದ್ದೆ ಪಾಚಿಯ ಮೇಲೆ ಕೂರಿಸಿ, ತೂತು ಮಾಡಿದ ಪಾರದರ್ಶಕ ಪ್ಲಾಸ್ಟಿಕ್ ಚೀಲ ಹೊದಿಸಿ. ನೇರ ಬಿಸಿಲು ಬೇಡ. ಹೊಸ ಬೇರಿಗೆ ತಿಂಗಳುಗಟ್ಟಲೆ ಕಾಯಬೇಕಾದೀತು.

ಬೇರು ಸರಿಯಿದ್ದರೆ ಎಲೆಗೆ ಬನ್ನಿ

ತೀರಾ ಕೆಳಗಿನ ಒಂದು ಎಲೆ ನಿಧಾನವಾಗಿ ಹಳದಿಯಾಗಿ ಉದುರಿದರೆ ಅದು ಮುಪ್ಪು, ರೋಗವಲ್ಲ. ತಾನಾಗಿ ಬೀಳಲಿ, ಕೀಳಬೇಡಿ. ಎರಡು ಮೂರು ಎಲೆ ಒಟ್ಟಿಗೆ ಹಳದಿಯಾದರೆ ಮತ್ತೆ ಬೇರಿನ ಕಡೆಗೇ ನೋಡಿ. ಡೆಂಡ್ರೋಬಿಯಂ ಎಂಬ ಇನ್ನೊಂದು ಬಗೆಯ ಆರ್ಕಿಡ್ ಬೆಳೆಸುವವರಿಗೆ ಒಂದು ಮಾತು: ಅದರ ನೊಬೈಲ್ ಬಗೆಯ ಗಿಡಗಳು ಚಳಿಗಾಲದಲ್ಲಿ ಎಲೆ ಉದುರಿಸುವುದು ಸಹಜ.

ಕಲೆ ಕಂಡಾಗ ಔಷಧಿ ಡಬ್ಬಿಗೆ ಕೈಹಾಕುವ ಮೊದಲು ಮಾರ್ಕರ್ ಪೆನ್ನಿನಿಂದ ಕಲೆಯ ಅಂಚಿಗೆ ಗೆರೆ ಎಳೆದು 24 ಗಂಟೆ ಬಿಟ್ಟು ನೋಡಿ. ಗೆರೆ ದಾಟದೆ, ಕಿಟಕಿ ಕಡೆಗಿದ್ದ ಭಾಗದಲ್ಲಷ್ಟೇ ಬಿಳಿಚಿ ಒಣಗಿದ ಕಲೆ ಬಿಸಿಲ ಸುಟ್ಟಗಾಯ. ಮಧ್ಯಾಹ್ನ ಎಲೆ ಮುಟ್ಟಿ ನೋಡಿ, ಬಿಸಿ ಎನಿಸಿದರೆ ಗಿಡವನ್ನು ಒಳಕ್ಕೆ ಸರಿಸಿ. ಪೂರ್ವದ ಕಿಟಕಿ ಎಲ್ಲಕ್ಕಿಂತ ಒಳ್ಳೆಯದು.

ಗೆರೆ ದಾಟಿದ್ದರೆ, ಅದೂ ಬೆಂದ ಸೊಪ್ಪಿನಂತೆ ನೀರು ತುಂಬಿಕೊಂಡು ವಾಸನೆ ಬರುತ್ತಿದ್ದರೆ, ಬ್ಯಾಕ್ಟೀರಿಯಾ ಕೊಳೆ. ಇದು ಕೆಲವೇ ದಿನಗಳಲ್ಲಿ ಗಿಡ ತಿನ್ನುತ್ತದೆ. ಆ ಕ್ಷಣವೇ ಕಲೆಯಿಂದ ಒಂದೆರಡು ಸೆಂ.ಮೀ. ಆಚೆ, ಆರೋಗ್ಯವಾಗಿರುವ ಭಾಗದಲ್ಲಿ ಎಲೆಯನ್ನು ಕತ್ತರಿಸಿ. ಪ್ರತಿ ಸಲ ಅಲಗು ಕಾಯಿಸಿ. ಗಾಯಕ್ಕೆ ದಾಲ್ಚಿನ್ನಿ ಪುಡಿ ಹಚ್ಚಿ. ಬೇರಿಗೆ ಮಾತ್ರ ತಾಗಿಸಬೇಡಿ, ಒಣಗಿಸಿಬಿಡುತ್ತದೆ. ಆಮೇಲೆ ಲೀಟರ್ ನೀರಿಗೆ 2ರಿಂದ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ (ತಾಮ್ರದ ಔಷಧಿ ಪುಡಿ) ಬೆರೆಸಿ, ಗ್ಲೌಸ್ ಹಾಕಿಕೊಂಡು ಮನೆಯ ಹೊರಗೆ ಸಿಂಪಡಿಸಿ. ಅಡಿಕೆ ತೋಟದಲ್ಲಿ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆದವರಿಗೆ ತಾಮ್ರದ ಗುಣ ಗೊತ್ತು. ಆದರೆ ಡೆಂಡ್ರೋಬಿಯಂಗೂ ಅರಳಿದ ಹೂವಿಗೂ ಅದು ಆಗುವುದಿಲ್ಲ.

ಸುಳಿಯ ಎಲೆ ಹಳದಿಯಾಗಿ, ಮೆಲ್ಲಗೆ ಎಳೆದರೆ ಬುಡ ಸಮೇತ ಕೈಗೆ ಬಂದರೆ ಸುಳಿಕೊಳೆ. ಹೆಚ್ಚಾಗಿ ಸುಳಿಯಲ್ಲಿ ನೀರು ನಿಂತದ್ದೇ ಕಾರಣ. ನೀರು ಬೆಳಗ್ಗೆಯೇ ಹಾಕಿ, ಸುಳಿಗೆ ಬಿದ್ದ ಹನಿಯನ್ನು ಟಿಶ್ಯೂ ಕಾಗದದಿಂದ ಹೀರಿ. ಸುಳಿ ಸತ್ತರೂ ಬೇರು ಗಟ್ಟಿಯಿದ್ದರೆ ಗಿಡ ಎಸೆಯಬೇಡಿ. ಬುಡದ ಪಕ್ಕದಿಂದ ಮರಿ ಹೊರಡುವುದುಂಟು.

ಎಲೆ ಅಂಟಂಟಾಗಿದ್ದರೆ ತಳಭಾಗ, ಎಲೆ ಕಂಕುಳು ಎರಡನ್ನೂ ನೋಡಿ: ಬಿಳಿ ಹತ್ತಿಯಂಥದ್ದು ಹಿಟ್ಟುತಿಗಣೆ, ಕಂದು ಗುಬುಟು ಶಲ್ಕ ಕೀಟ. ಸರ್ಜಿಕಲ್ ಸ್ಪಿರಿಟ್‌ನಲ್ಲಿ ಅದ್ದಿದ ಇಯರ್‌ಬಡ್‌ನಿಂದ ಒಂದೊಂದನ್ನೇ ಒರೆಸಿ ತೆಗೆಯಿರಿ. ನಂತರ ಲೀಟರ್‌ಗೆ 5 ಮಿ.ಲೀ. ಬೇವಿನ ಎಣ್ಣೆ, ಒಂದೆರಡು ಮಿ.ಲೀ. ದ್ರವ ಸೋಪು ಬೆರೆಸಿ ಸಂಜೆ ಸಿಂಪಡಿಸಿ. ವಾರಕ್ಕೊಮ್ಮೆಯಂತೆ ಮೂರು ಸಲ; ಒಂದೇ ಸಲಕ್ಕೆ ಬಿಟ್ಟರೆ ಮೊಟ್ಟೆಯಿಂದ ಮತ್ತೆ ಹುಟ್ಟುತ್ತವೆ. ಹೊಳಪಿಗೆಂದು ಎಲೆಗೆ ಹಾಲು, ಎಣ್ಣೆ ಒರೆಸುವುದನ್ನಂತೂ ನಿಲ್ಲಿಸಿ.

ತುದಿ ಮಾತ್ರ ಒಣಗಿ, ತೊಗಟೆಯ ಮೇಲೆ ಬಿಳಿ ಪುಡಿ ಕಂಡರೆ ಬೋರ್‌ವೆಲ್ ನೀರು ಅಥವಾ ಗೊಬ್ಬರದ ಲವಣ. ತಿಂಗಳಿಗೊಮ್ಮೆ ಮಳೆನೀರು ಅಥವಾ ಆರ್‌ಓ ನೀರನ್ನು ಕುಂಡದ ಮೂಲಕ ಧಾರಾಳವಾಗಿ ಹರಿಸಿ.

ಹೊಸ ಎಲೆಗಳಲ್ಲೂ ತಿಳಿ-ಕಡು ಹಸಿರಿನ ಪಟ್ಟೆ, ತಗ್ಗಾದ ಕಪ್ಪು ಗೆರೆ ಮತ್ತೆ ಮತ್ತೆ ಬಂದರೆ ವೈರಸ್ ಇರಬಹುದು. ಅದಕ್ಕೆ ಮದ್ದಿಲ್ಲ. ಉಳಿದ ಗಿಡಗಳಿಗೆ ಹರಡದಂತೆ ದೂರವಿಡಿ, ವೈರಸ್ ಎಂದು ಖಚಿತವಾದರೆ ನಾಶಮಾಡಿ.

ನೀರಿನ ಲೆಕ್ಕ

ಸುಟ್ಟು ಮುಗಿದ ಊದುಬತ್ತಿಯ ಕಡ್ಡಿಯನ್ನು ತೊಳೆದು ಕುಂಡದ ನಡುವೆ ತಳದವರೆಗೆ ಚುಚ್ಚಿ, ಹತ್ತು ನಿಮಿಷ ಬಿಟ್ಟು ತೆಗೆದು ಕೆನ್ನೆಗೆ ತಾಗಿಸಿ. ತಣ್ಣಗಿದ್ದರೆ ಇಂದು ನೀರು ಬೇಡ. ಬೆಂಗಳೂರಿನ ಬೇಸಿಗೆಯಲ್ಲಿ ನೀರಿನ ಸರದಿ ನಾಲ್ಕೈದು ದಿನಕ್ಕೊಮ್ಮೆ ಬರುತ್ತದೆ, ಮಳೆಗಾಲದಲ್ಲಿ ಎಂಟು ಹತ್ತು ದಿನಕ್ಕೆ. ಮಂಗಳೂರಿನ ಸೆಕೆಯಲ್ಲಿ ಕಡ್ಡಿ ಬೇರೆಯೇ ಲೆಕ್ಕ ಹೇಳೀತು. ಹಾಕುವಾಗ ತಳದಿಂದ ಹರಿದುಹೋಗುವಷ್ಟು ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ.

ಸುಕ್ಕಾದ ಹಳೆಯ ಎಲೆ ಪೂರ್ತಿ ನೆಟ್ಟಗಾಗದಿರಬಹುದು. ಚಿಕಿತ್ಸೆ ಫಲಿಸಿತೇ ಎಂದು ತಿಳಿಯಲು ಸುಳಿಯ ಹೊಸ ಎಲೆಯನ್ನೂ ಬೇರಿನ ತುದಿಯನ್ನೂ ಗಮನಿಸಿ. ಬೇರುತುದಿ ಎಳೆ ಹಸಿರಾಗಿ ಮುಂದೆ ಚಾಚಿದ ಮೇಲೆಯೇ ಗೊಬ್ಬರ: 19:19:19 (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲು ಇರುವ, ನೀರಿನಲ್ಲಿ ಕರಗುವ ಗೊಬ್ಬರ) ಆದರೆ ಲೀಟರ್‌ಗೆ ಅರ್ಧ ಗ್ರಾಂ, ಹದಿನೈದು ದಿನಕ್ಕೊಮ್ಮೆ, ಬೇರು ನೆನೆದಿರುವಾಗ ಮಾತ್ರ.